ಚಾಲಕನಿಲ್ಲದ ಗಾಡಿಗೆ ಜಾತಿ ಇದೆಯೆ?

ಅಮೆರಿಕದ ಫೀನಿಕ್ಸ್, ಸಾನ್‌ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್ ನಗರಗಳಲ್ಲಿ ಚಾಲಕನಿಲ್ಲದ ಟ್ಯಾಕ್ಸಿಗಳು ಬಾಡಿಗೆಗೆ ಓಡುತ್ತಿವೆ. ಚೀನಾದ ವುಹಾನ್‌ನಲ್ಲೂ ಓಡುತ್ತಿವೆ. ಫೋನಿನಲ್ಲಿ ಕರೆದರೆ ಗಾಡಿ ಬಂದು ನಿಲ್ಲುತ್ತದೆ. ಮುಂದಿನ ಸೀಟಿನಲ್ಲಿ ಯಾರೂ ಇಲ್ಲ. ಸ್ಟಿಯರಿಂಗ್ ತನ್ನಷ್ಟಕ್ಕೆ ತಾನೇ ತಿರುಗುತ್ತದೆ. ಕಾರವಾರದ ರಿಕ್ಷಾ ಸ್ಟ್ಯಾಂಡಿನಲ್ಲಿ ಈ ಸುದ್ದಿ ಹೇಳಿದರೆ 'ಎಂತ ಮಾರಾಯಾ, ದೆವ್ವ ಓಡಿಸ್ತದಾ ಹಂಗಾರೆ?' ಎಂದು ನಗುತ್ತಾರೆ. ನಗುವ ಹಕ್ಕು ಅವರಿಗಿದೆ. ಓದಿದವರು ಅನ್ನಿಸಿಕೊಂಡ ನಾವು ಮಾತ್ರ ನಕ್ಕು ಸುಮ್ಮನಾಗುವಂತಿಲ್ಲ. ಯಾವುದೇ ಗಾಡಿ ಊರಿಗೆ ಬರುವ ಮೊದಲು ಅದರ ನ್ಯಾಯ ಊರಿಗೆ ಬರುತ್ತದೆ. ಆ ನ್ಯಾಯವನ್ನು ದಾರಿಯಲ್ಲೇ ನಿಲ್ಲಿಸಿ ಕೇಳಬೇಕು: ಗಾಡಿಯಿಂದ ಮನುಷ್ಯನನ್ನು ಇಳಿಸಿದಾಗ ಅವನ ಜೊತೆ ಇನ್ನೇನೇನು ಇಳಿದು ಹೋಗುತ್ತದೆ? ಏನು ಒಳಗೇ ಕೂತು ಉಳಿಯುತ್ತದೆ?

ಚಾಲಕನನ್ನು ದೇವರು ಮಾಡುವ ಉದ್ದೇಶ ನಮಗಿಲ್ಲ. ಗಾಡಿ ಹೊಡೆಯುವವನ ಕೈಯಿಂದ ನಮ್ಮ ಜನ ಅನುಭವಿಸಿದ್ದು ಸಣ್ಣದಲ್ಲ. ಬಾಬಾಸಾಹೇಬರು ಬರೆದಿಟ್ಟ ಎರಡು ಪ್ರಯಾಣಗಳನ್ನು ನೆನೆಯೋಣ. 1901ರಲ್ಲಿ ಬಾಲಕ ಭೀಮರಾವ್, ಅವರ ಅಣ್ಣ, ಅಕ್ಕನ ಮಕ್ಕಳು ಮಸೂರು ಸ್ಟೇಷನ್ನಿನಲ್ಲಿ ಇಳಿದು ಗೋರೆಗಾಂವಿನಲ್ಲಿದ್ದ ತಂದೆಯ ಬಳಿ ಹೋಗಬೇಕಿತ್ತು. ಮಹಾರರ ಮಕ್ಕಳೆಂದು ತಿಳಿದ ಕೂಡಲೆ ಎತ್ತಿನ ಗಾಡಿಯವರು ಹಿಂದೆ ಸರಿದರು. ಕೊನೆಗೆ ಒಬ್ಬ ಒಪ್ಪಿದ. ಬಾಡಿಗೆ ಎರಡು ಪಟ್ಟು, ಗಾಡಿ ಹೊಡೆಯುವವರು ಮಕ್ಕಳೇ. ಗಾಡಿಯವ ಪಕ್ಕದಲ್ಲಿ ನಡೆದು ಬರುತ್ತಾನೆ. 1929ರಲ್ಲಿ ಅದೇ ಭೀಮರಾವ್ ಬ್ಯಾರಿಸ್ಟರಾಗಿ, ಸರ್ಕಾರಿ ಸಮಿತಿಯ ಸದಸ್ಯರಾಗಿ ಚಾಳೀಸಗಾಂವಿಗೆ ಬಂದರು. ಟಾಂಗಾದವರು ಅಸ್ಪೃಶ್ಯನನ್ನು ಕೂಡಿಸಿಕೊಂಡು ಹೊಡೆಯುವುದು ತಮ್ಮ ಘನತೆಗೆ ಕಡಿಮೆ ಎಂದರು. ಟಾಂಗಾ ಕೊಟ್ಟರು, ತಾವು ಬರಲಿಲ್ಲ. ಹೊಡೆಯಲು ಬಾರದವನೊಬ್ಬ ಹೊಡೆದ. ಮೋರಿಯ ಹತ್ತಿರ ಕುದುರೆ ಬೆದರಿತು, ಬಾಬಾಸಾಹೇಬರು ಕಲ್ಲಿನ ಮೇಲೆ ಎಸೆಯಲ್ಪಟ್ಟರು, ಕಾಲು ಮುರಿಯಿತು.

ಅಂದರೆ ಈ ದೇಶದಲ್ಲಿ 'ಚಾಲಕನಿಲ್ಲದ ಗಾಡಿ'ಯನ್ನು ಮೊದಲು ಹತ್ತಿದವರು ನಾವೇ. ಜಾತಿ ಚಾಲಕನನ್ನು ಕೆಳಗಿಳಿಸಿತು. ಬಿದ್ದ ಪೆಟ್ಟು ನಮಗಾಯಿತು.

ಹೀಗಿರುವಾಗ ಯಂತ್ರದ ಪರವಾಗಿ ಒಂದು ಮಾತು ನಮ್ಮೊಳಗೇ ಏಳುತ್ತದೆ. ಅದನ್ನು ಪ್ರಾಮಾಣಿಕವಾಗಿ ಕೇಳಿಸಿಕೊಳ್ಳಬೇಕು. ಯಂತ್ರಕ್ಕೆ ಜಾತಿ ಗೊತ್ತಿಲ್ಲ. ಅದು 'ಯಾವ ಕೇರಿ?' ಎಂದು ಕೇಳುವುದಿಲ್ಲ. ಮೀನು ಬುಟ್ಟಿ ನಾರುತ್ತದೆಂದು ಮುದುಕಿಯನ್ನು ರಸ್ತೆಯ ಮೇಲೇ ಬಿಟ್ಟು ಹೋಗುವುದಿಲ್ಲ. ಕನ್ನಡಿಯಲ್ಲಿ ಹುಡುಗಿಯರನ್ನು ನೋಡುವುದಿಲ್ಲ. ಚಾಲಕನಿಲ್ಲದ ಟ್ಯಾಕ್ಸಿಯಲ್ಲಿ ರಾತ್ರಿ ಹೊತ್ತು ನೆಮ್ಮದಿ ಎಂದು ಆ ದೇಶದ ಹೆಂಗಸರು ಹೇಳುವುದು ಸುಳ್ಳಲ್ಲ. ಎಲ್ಲಕ್ಕಿಂತ ಮುಖ್ಯ, ಯಂತ್ರ ಕುಡಿಯುವುದಿಲ್ಲ. ಸಾರಾಯಿ ಮನೆಮನೆ ಸುಟ್ಟಿದ್ದನ್ನು ಕಂಡು ಅಂಕೋಲೆಯ ಬಡಗೇರಿಯಿಂದ ಎದ್ದು ನಿಂತ ಸುಕ್ರಜ್ಜಿ, 2025ರಲ್ಲಿ ತೀರಿಕೊಂಡ ನಮ್ಮ ಸುಕ್ರಿ ಬೊಮ್ಮಗೌಡ, ಈ ಮಾತನ್ನು ಕೇಳಿದ್ದರೆ 'ಹೌದಲ್ಲ' ಎನ್ನುತ್ತಿದ್ದರೋ ಏನೋ. 2022 ಒಂದೇ ವರ್ಷದಲ್ಲಿ ಭಾರತದ ರಸ್ತೆಗಳ ಮೇಲೆ 1,68,491 ಜನ ಸತ್ತರು. ಇದು ಸರ್ಕಾರದ್ದೇ ಲೆಕ್ಕ. ಕುಡಿತ, ನಿದ್ದೆ, ಓಟದ ಸೊಕ್ಕು ಇವುಗಳಿಂದ ಸಾಯುವವರನ್ನು ಯಂತ್ರ ಬದುಕಿಸುವುದಾದರೆ ಬೇಡವೆನ್ನಲು ನಾವು ಯಾರು?

ಯಂತ್ರವನ್ನು ಬೈದು ಹಳ್ಳಿಯನ್ನು ಹೊಗಳುವವರ ಸಾಲಿನಲ್ಲೂ ನಾವಿಲ್ಲ. ಯಂತ್ರವಿಲ್ಲದ ಹಳ್ಳಿಯಲ್ಲಿ ಹೊರುವವರು ಯಾರು, ತಳ್ಳುವವರು ಯಾರು, ಬಾಚುವವರು ಯಾರು ಎಂಬುದು ನಮ್ಮ ಬೆನ್ನಿಗೆ ಗೊತ್ತು. ಯಂತ್ರ ಬೇಕು, ಮತ್ತೂ ಬೇಕು. ಕೆಡುಕು ಇರುವುದು ಯಂತ್ರದಲ್ಲಲ್ಲ, ಅದರ ಫಲವನ್ನು ಕೆಲವರಷ್ಟೇ ಉಣ್ಣುವ ಸಮಾಜದ ಏರ್ಪಾಟಿನಲ್ಲಿ ಎಂದು ಬಾಬಾಸಾಹೇಬರು ಗಾಂಧಿಯವರೊಡನೆ ವಾದಿಸಿದ್ದು ಇದಕ್ಕೇ. ಆದ್ದರಿಂದ ಪ್ರಶ್ನೆ 'ಯಂತ್ರ ಬೇಕೊ ಬೇಡವೊ' ಎಂಬುದಲ್ಲ. ಈ ಯಂತ್ರಕ್ಕೆ ಜಾತಿ ಗೊತ್ತಿಲ್ಲ ಎಂಬುದು ನಿಜವೆ? ಅಲ್ಲಿಂದ ಶುರು ಮಾಡೋಣ.

ಚಾಲಕನಿಲ್ಲದ ಟ್ಯಾಕ್ಸಿ ಕಂಡಕಂಡಲ್ಲಿ ಓಡುವುದಿಲ್ಲ. ಕಂಪನಿ ಮೊದಲು ಊರಿನ ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಗೆರೆಯೊಳಗಿನ ಬೀದಿಗಳನ್ನು ಅಂಗುಲ ಅಂಗುಲ ಅಳೆದು ಯಂತ್ರಕ್ಕೆ ಕಲಿಸುತ್ತದೆ. ಗಾಡಿ ಆ ಗೆರೆಯೊಳಗೇ ಹತ್ತಿಸಿಕೊಳ್ಳುತ್ತದೆ, ಗೆರೆಯೊಳಗೇ ಇಳಿಸುತ್ತದೆ. ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ರಸ್ತೆಯ ಸ್ಥಿತಿ ಹೇಳುತ್ತದೆ, ಲಾಭ ಹೇಳುತ್ತದೆ. ಒಳ್ಳೆಯ ರಸ್ತೆ, ಬಣ್ಣ ಬಳಿದ ಪಟ್ಟಿ, ದುಡ್ಡಿರುವ ಗಿರಾಕಿ ಎಲ್ಲಿವೆಯೋ ಅಲ್ಲಿ ಗೆರೆಯ ಒಳಗು. ಮಳೆಗಾಲದಲ್ಲಿ ಕೊಚ್ಚಿಹೋಗುವ ಮಣ್ಣು ದಾರಿ ಇರುವಲ್ಲಿ ಗೆರೆಯ ಹೊರಗು.

ಗೆರೆ ಎಂದರೇನೆಂದು ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಊರಿಗೂ ಕೇರಿಗೂ ನಡುವೆ ಎಳೆದದ್ದು ಗೆರೆಯೇ. ಮುಕ್ರಿ, ಆಗೇರ, ಹಳ್ಳೇರರ ಕೇರಿಗಳ ತನಕ ಡಾಂಬರು ಯಾವಾಗ ಬಂತು, ಎಷ್ಟು ಕೇರಿಗಳಿಗೆ ಇನ್ನೂ ಬಂದಿಲ್ಲ ಎಂಬುದನ್ನು ನಮ್ಮ ಮೇಷ್ಟ್ರುಗಳು ಶಾಲೆ ಮಕ್ಕಳನ್ನು ಕರೆದುಕೊಂಡು ಹೋಗಿ ಎಣಿಸಲಿ. ಹಳೆಯ ಗಾಡಿಯವ 'ನಿನ್ನನ್ನು ಹತ್ತಿಸಿಕೊಳ್ಳೋದಿಲ್ಲ' ಎಂದು ಮುಖಕ್ಕೆ ಹೇಳಿದ. ಅವನನ್ನು ಬೈಯಬಹುದಿತ್ತು, ಕೋರ್ಟಿಗೆ ಎಳೆಯಬಹುದಿತ್ತು, ಹೋರಾಡಿ ಬದಲಿಸಬಹುದಿತ್ತು. ಹೊಸ ಗಾಡಿ ಏನೂ ಹೇಳುವುದಿಲ್ಲ. 'ನಿಮ್ಮ ಪ್ರದೇಶದಲ್ಲಿ ಸೇವೆ ಲಭ್ಯವಿಲ್ಲ' ಎಂದು ಫೋನಿನ ಮೇಲೆ ಒಂದು ಸಾಲು ಬರುತ್ತದೆ, ಅಷ್ಟೇ. ಅಸ್ಪೃಶ್ಯತೆಗೆ ಇಷ್ಟು ಮೃದುವಾದ ನಾಲಿಗೆ ಹಿಂದೆಂದೂ ಇರಲಿಲ್ಲ. ಚಾಲಕನನ್ನು ಇಳಿಸಿದರೂ ಜಾತಿ ಇಳಿಯಲಿಲ್ಲ. ಸೀಟಿನಿಂದ ಎದ್ದು ನಕ್ಷೆಯೊಳಗೆ ಹೋಗಿ ಕೂತಿತು.

ಇನ್ನು ಗೆರೆಯ ಒಳಗಿರುವವರ ಮಾತು. ಅಲ್ಲಿ ಯಂತ್ರ ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡುತ್ತದೆಯೆ? 2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಟೆಂಪಿ ಎಂಬ ಊರಿನಲ್ಲಿ ಊಬರ್ ಕಂಪನಿಯ ಪರೀಕ್ಷಾ ಕಾರೊಂದು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಹೆಂಗಸಿಗೆ ಬಡಿದು ಕೊಂದಿತು. ಮನೆಯಿಲ್ಲದ ಬಡವಿ ಆಕೆ. ಯಂತ್ರ ಆಕೆಯನ್ನು ಕಾಣಲಿಲ್ಲ ಎಂದಲ್ಲ. ಬಡಿಯುವ ಐದು ಸೆಕೆಂಡಿಗೂ ಮೊದಲೇ ಕಂಡಿತ್ತು. ಒಮ್ಮೆ ವಾಹನ ಎಂದುಕೊಂಡಿತು, ಒಮ್ಮೆ 'ಇತರೆ' ಎಂದುಕೊಂಡಿತು, ಒಮ್ಮೆ ಸೈಕಲ್ ಎಂದುಕೊಂಡಿತು. ಮನುಷ್ಯಳು ಎಂದುಕೊಳ್ಳಲಿಲ್ಲ. ಕಾರಣವನ್ನು ಅಲ್ಲಿನ ತನಿಖೆಯವರು 2019ರಲ್ಲಿ ಹೇಳಿದರು: ದಾಟುವ ಪಟ್ಟಿ ಇಲ್ಲದ ಕಡೆಯೂ ಮನುಷ್ಯರು ರಸ್ತೆ ದಾಟುತ್ತಾರೆ ಎಂಬುದನ್ನು ಆ ಯಂತ್ರಕ್ಕೆ ಯಾರೂ ಕಲಿಸಿರಲಿಲ್ಲ.

ಗೆಳೆಯರೆ, ಅಂಕೋಲೆಯಿಂದ ಕಾರವಾರದ ತನಕ ಹೆದ್ದಾರಿ ನೋಡಿ. ಅವರ್ಸಾ, ಹಾರವಾಡ, ಅಮದಳ್ಳಿ, ಅರ್ಗಾ, ಬಿಣಗಾ. ಊರು ಒಂದು ಕಡೆ, ಗದ್ದೆ ಇನ್ನೊಂದು ಕಡೆ. ಮನೆ ಒಂದು ಕಡೆ, ಕಡಲು ಇನ್ನೊಂದು ಕಡೆ. ನಡುವೆ ನಾಲ್ಕು ಪಥದ ರಸ್ತೆ. ದಾಟುವ ಪಟ್ಟಿ ಹುಡುಕಿಕೊಂಡು ಮೈಲಿ ನಡೆಯುವವರು ಯಾರು? ಕರಿ ಇಶಾಡು ಮಾವಿನ ಬುಟ್ಟಿ ತಲೆಮೇಲೆ ಹೊತ್ತು, ಕೊರಳ ತುಂಬ ಮಣಿಸರ ಹಾಕಿಕೊಂಡು ಹಾಲಕ್ಕಿ ಹೆಂಗಸು ಬೆಳಗಿನ ಮಸುಕಿನಲ್ಲಿ ರಸ್ತೆ ದಾಟುತ್ತಾಳೆ. ಆ ಯಂತ್ರ ಆಕೆಯನ್ನು ಏನೆಂದು ಕರೆದೀತು? ವಾಹನವೊ, ಮರವೊ, 'ಇತರೆ'ಯೊ? ನಮ್ಮ ಟೆಂಪೊ ಡ್ರೈವರ್ ಹಾರ್ನ್ ಹೊಡೆದು, ಬೈದು, 'ಹೋಗೇ ಅಬ್ಬೆ ಬೇಗ' ಎಂದು ಕೂಗಿ ಬ್ರೇಕ್ ಒತ್ತುತ್ತಾನೆ. ಅವನ ಬೈಗುಳದಲ್ಲೂ ಆಕೆ ಅಬ್ಬೆಯೇ. ಯಂತ್ರಕ್ಕೂ ಇದನ್ನು ಕಲಿಸಬಹುದು. ಕಲಿಸಲಿ. ಆದರೆ ಯಾರ ರೂಪ, ಯಾರ ನಡಿಗೆ, ಯಾರ ಹೊರೆ 'ಮನುಷ್ಯ' ಎಂಬ ಪಟ್ಟಿಯೊಳಗೆ ಸೇರಬೇಕೆಂದು ತೀರ್ಮಾನಿಸುವ ಕೋಣೆಯಲ್ಲಿ ನಮ್ಮವರು ಕೂತಿಲ್ಲ. ಈ ದೇಶದಲ್ಲಿ ಅಂಥ ಪಟ್ಟಿ ಮಾಡುವ ಕೆಲಸ ಒಮ್ಮೆ ಮನುವಿನ ಕೈಯಲ್ಲಿತ್ತು.

ಮನುವಿನ ಹೆಸರು ಸುಮ್ಮನೆ ಎತ್ತಿದ್ದಲ್ಲ. ಇಬ್ಬರಲ್ಲಿ ಒಬ್ಬರು ಸಾಯಲೇಬೇಕಾದರೆ ಗಾಡಿ ಯಾರನ್ನು ಉಳಿಸಬೇಕು ಎಂದು ಅಮೆರಿಕದ ಎಂಐಟಿ ವಿದ್ವಾಂಸರು ಜಗತ್ತಿನ ಜನರನ್ನೆಲ್ಲ ಕೇಳಿದರು. ಅವರು ಕೊಟ್ಟ ಆಯ್ಕೆಗಳಲ್ಲಿ ಮುದುಕ ಮತ್ತು ಮಗು ಇದ್ದರು, ದೊಡ್ಡ ಸಾಹೇಬ ಮತ್ತು ಮನೆಯಿಲ್ಲದವ ಇದ್ದರು. ಸುಮಾರು 4 ಕೋಟಿ ಉತ್ತರಗಳು ಬಂದವು. 2018ರಲ್ಲಿ ಫಲಿತಾಂಶ ಪ್ರಕಟವಾಯಿತು. ಪ್ರಾಣಕ್ಕೆ ಅಂತಸ್ತಿನ ಪ್ರಕಾರ ಬೆಲೆ ಕಟ್ಟುವುದು ಅವರಿಗೆ ಹೊಸ ಸಂಶೋಧನೆ. ನಮಗೆ ಹಳೆಯ ಶಾಸ್ತ್ರ. ಒಂದೇ ತಪ್ಪಿಗೆ ವರ್ಣಕ್ಕೊಂದು ಶಿಕ್ಷೆ ಬರೆದ ಪುಸ್ತಕವನ್ನು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಸುಟ್ಟದ್ದು ಇದಕ್ಕಾಗಿಯೆ. ಜರ್ಮನಿಯ ನೀತಿ ಆಯೋಗ 2017ರಲ್ಲಿ ಬೇರೆ ದಾರಿ ಹಿಡಿಯಿತು. ಅಪಘಾತ ತಪ್ಪದೆ ಹೋದಾಗಲೂ ವಯಸ್ಸು, ಲಿಂಗ, ಮೈಕಟ್ಟು ನೋಡಿ ಮನುಷ್ಯರಲ್ಲಿ ಆಯ್ಕೆ ಮಾಡುವಂತಿಲ್ಲ ಎಂದಿತು. ಸುಟ್ಟ ಪುಸ್ತಕ ಯಂತ್ರದ ಹೊಟ್ಟೆಯಲ್ಲಿ ಮತ್ತೆ ಹುಟ್ಟಬಾರದೆಂದರೆ ನಮ್ಮ ಕಾನೂನಿನಲ್ಲೂ ಈ ಮಾತು ಬರಬೇಕು; ಜಾತಿ, ಧರ್ಮ, ಆಸ್ತಿ ಎಂಬ ಪದಗಳೂ ಅದಕ್ಕೆ ಸೇರಬೇಕು.

ಈಗ ಟೆಂಪಿಯ ಉಳಿದ ಅರ್ಧ ಕಥೆ. ಶಿಕ್ಷೆ ಯಾರಿಗಾಯಿತು? ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವುದಿಲ್ಲವೆಂದು 2019ರಲ್ಲಿ ಅಲ್ಲಿನ ಸರ್ಕಾರಿ ವಕೀಲರು ಹೇಳಿದರು. ಯಂತ್ರ ತಪ್ಪಿದರೆ ನೋಡಿಕೊಳ್ಳಲೆಂದು ಸೀಟಿನಲ್ಲಿ ಕೂರಿಸಿದ್ದ ಕೂಲಿಯ ಉದ್ಯೋಗಿ ಫೋನು ನೋಡುತ್ತಿದ್ದರೆಂದು ಮೊಕದ್ದಮೆ ಬಿತ್ತು. 2023ರಲ್ಲಿ ತಪ್ಪೊಪ್ಪಿಗೆಯಾಗಿ ಮೂರು ವರ್ಷದ ನಿಗಾ ಶಿಕ್ಷೆಯಾಯಿತು. ಗಾಡಿ ಓಡಿಸಿದ್ದು ಯಂತ್ರ, ಲಾಭಕ್ಕಾಗಿ ಓಡಿಸಿದ್ದು ಕಂಪನಿ, ಕಟಕಟೆ ಹತ್ತಿದ್ದು ಕೂಲಿ. ಆ ಸೀಟೂ ಖಾಲಿಯಾದ ಮೇಲೆ ಕಟಕಟೆಯೂ ಖಾಲಿ. ಚಾಲಕನನ್ನು ತೆಗೆಯುವುದರಲ್ಲಿ ಒಡೆಯನಿಗೆ ಸಂಬಳ ಉಳಿಯುವುದು ಒಂದು ಲಾಭ. ಹೊಣೆಯೇ ಕಳೆದುಹೋಗುವುದು ಅದಕ್ಕಿಂತ ದೊಡ್ಡ ಲಾಭ.

ಹೊಣೆಯ ಮಾತು ಬಂದಾಗ ನಮ್ಮ ಜಿಲ್ಲೆಯ 2024ರ ಮಳೆಗಾಲವನ್ನು ಮರೆಯಲಾಗದು. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ, ಹೆದ್ದಾರಿಗಾಗಿ ಕಡಿದ ಗುಡ್ಡ ಕುಸಿಯಿತು. ಲಾರಿ ನಿಲ್ಲಿಸಿ ಚಾ ಕುಡಿಯುವ ಜಾಗ ಅದು. ಚಾ ಅಂಗಡಿ ನಡೆಸುತ್ತಿದ್ದ ಗಂಡ, ಹೆಂಡತಿ, ಮಕ್ಕಳು ಮಣ್ಣಾದರು. ಮಣ್ಣು ಗಂಗಾವಳಿಗೆ ಬಿದ್ದು ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಕೇರಳದ ಲಾರಿ ಚಾಲಕನೊಬ್ಬ ಲಾರಿಯ ಸಮೇತ ಹೊಳೆ ಸೇರಿದ. ಲಾರಿಯೂ ಅವನ ದೇಹವೂ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಮೂರು ವಾರದ ಮೇಲೆ, ಆಗಸ್ಟ್ 7ರ ನಡುರಾತ್ರಿ, ಕಾರವಾರ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ತಮಿಳುನಾಡಿನ ಚಾಲಕನೊಬ್ಬ ಲಾರಿಯೊಡನೆ ಬಿದ್ದ. ಕ್ಯಾಬಿನ್ನಿನ ಮೇಲೆ ಹತ್ತಿ ಕೂತಿದ್ದವನನ್ನು ನಮ್ಮ ಮೀನುಗಾರರೂ ಪೊಲೀಸರೂ ದಡಕ್ಕೆ ತಂದರು.

ಆ ಎರಡು ಲಾರಿಗಳಲ್ಲಿ ಚಾಲಕರಿಲ್ಲದಿದ್ದರೆ? ಒಬ್ಬ ಸಾಯುತ್ತಿರಲಿಲ್ಲ, ಇನ್ನೊಬ್ಬ ನೀರಿಗೆ ಬೀಳುತ್ತಿರಲಿಲ್ಲ. ಇದು ಸಣ್ಣ ಮಾತಲ್ಲ. ಆ ತಾಯಿಯ ಮುಂದೆ ನಿಂತು ಯಂತ್ರ ಬೇಡ ಎನ್ನುವ ಧೈರ್ಯ ನಮಗಿಲ್ಲ. ಆದರೆ ಚಾ ಅಂಗಡಿಯ ಮಕ್ಕಳು ಆಗಲೂ ಸಾಯುತ್ತಿದ್ದರು. ಉಳುವರೆಯ ಮನೆಗಳು ಆಗಲೂ ಬೀಳುತ್ತಿದ್ದವು. ಗುಡ್ಡವನ್ನು ನೆಟ್ಟಗೆ ಕಡಿದದ್ದು ಚಾಲಕನಲ್ಲ. ಸೇತುವೆಗೆ ವಯಸ್ಸಾಗಿದ್ದನ್ನು ನೋಡದೆ ಹೋದದ್ದೂ ಚಾಲಕನಲ್ಲ. ರಸ್ತೆಯ ಸಾವುಗಳಿಗೆಲ್ಲ 'ಚಾಲಕನ ನಿರ್ಲಕ್ಷ್ಯ' ಎಂದು ಬರೆದು ಫೈಲು ಮುಚ್ಚುವ ದೇಶದಲ್ಲಿ, ಚಾಲಕನನ್ನು ತೆಗೆದರೆ ಸಾವು ನಿಲ್ಲುತ್ತದೆ ಎಂದು ನಂಬಿಸುವುದು ಸುಲಭ. ಇನ್ನೊಂದನ್ನೂ ನೆನೆಯಬೇಕು. ಶಿರೂರಿನ ಲಾರಿಯನ್ನು ಎರಡು ತಿಂಗಳ ಮೇಲೆ ಹುಡುಕಿದ್ದು ಅದರೊಳಗೆ ಒಬ್ಬ ಮಗ ಇದ್ದ ಅಂತ. ಅವನ ಮನೆಯವರೂ ಅವನ ರಾಜ್ಯವೂ ಬಿಡಲಿಲ್ಲ ಅಂತ. ಆ ಹುಡುಕಾಟದಿಂದಲೇ ಶಿರೂರಿನ ಗುಡ್ಡ ದೇಶದ ಕಣ್ಣಿಗೆ ಬಿತ್ತು. ಖಾಲಿ ಲಾರಿ ಬಿದ್ದಿದ್ದರೆ ವಿಮೆಯವರು ಲೆಕ್ಕ ಮುಗಿಸುತ್ತಿದ್ದರು. ಮನುಷ್ಯ ಇದ್ದಲ್ಲಿ ಮಾತ್ರ ಪ್ರಶ್ನೆ ಏಳುತ್ತದೆ.

ಹೊಟ್ಟೆಯ ಪ್ರಶ್ನೆಗೆ ಬರೋಣ. ಭೂಮಿ ಇಲ್ಲದ ನಮ್ಮ ಹುಡುಗರ ಕೈಗೆ ಸಿಕ್ಕ ಮೊದಲ ಯಂತ್ರ ಸ್ಟಿಯರಿಂಗ್. ಬಾಡಿಗೆ ಗಾಡಿ ಓಡಿಸುವ ಲೈಸೆನ್ಸಿಗೆ ಎಂಟನೇ ಇಯತ್ತೆ ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ತೆಗೆದ ಮೇಲೆ ಶಾಲೆ ಬಿಟ್ಟವರಿಗೂ ಆ ಬಾಗಿಲು ತೆರೆಯಿತು. ಎಷ್ಟೋ ಮನೆಗಳಲ್ಲಿ ಗೋಡೆಯ ಮೇಲಿನ ಡಿಗ್ರಿ ಸರ್ಟಿಫಿಕೇಟಿಗಿಂತ ಮೊದಲು ಬಂದದ್ದು ಜೇಬಿನೊಳಗಿನ ಲೈಸೆನ್ಸು. ಸರ್ಕಾರಿ ಬಸ್ಸಿನ ಚಾಲಕ ಹುದ್ದೆಗೆ ಮೀಸಲಾತಿ ಇದೆ. ರೋಬೋಟಿಗೆ ರೋಸ್ಟರ್ ಇಲ್ಲ. 2024ರಲ್ಲಿ ವುಹಾನ್‌ನ ಟ್ಯಾಕ್ಸಿಯವರು ತಮ್ಮ ಅನ್ನಕ್ಕೆ ಕಲ್ಲು ಬಿತ್ತೆಂದು ದೂರು ಕೊಟ್ಟರು. ಚಾಲಕನಿಲ್ಲದ ಕಾರನ್ನು ಭಾರತಕ್ಕೆ ಬಿಡುವುದಿಲ್ಲ, ಚಾಲಕರ ಕೆಲಸ ಹೋಗುತ್ತದೆ ಎಂದು ಕೇಂದ್ರ ಸಚಿವ ನಿತಿನ್ ಗಡ್ಕರಿಯವರು 2017ರಲ್ಲೂ 2023ರಲ್ಲೂ ಹೇಳಿದರು. ಒಳ್ಳೆಯ ಮಾತು. ಆದರೆ ಸಚಿವರ ಮಾತು ಕಾನೂನಲ್ಲ.

ಮೇಲಾಗಿ ಚಾಲಕನನ್ನು ಅರ್ಧ ಈಗಾಗಲೇ ತೆಗೆದಾಗಿದೆ. ಬೆಂಗಳೂರಿಗೆ ಹೋಗಿ ಕ್ಯಾಬ್ ಓಡಿಸುವ ನಮ್ಮ ಹುಡುಗರನ್ನು ಕೇಳಿ. ಎಲ್ಲಿಗೆ ಹೋಗಬೇಕು, ಎಷ್ಟು ಬಾಡಿಗೆ, ಯಾವಾಗ ಐಡಿ ಬಂದ್, ಎಲ್ಲ ಆ್ಯಪ್ ಹೇಳುತ್ತದೆ. ಕೈ ಅವರದು, ತಲೆ ಕಂಪನಿಯದು. ತಲೆ ಹೋದ ಮೇಲೆ ಕೈ ಹೋಗಲು ಎಷ್ಟು ಹೊತ್ತು? 2025ರಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರಿಗಾಗಿ ತಂದ ಕಾಯಿದೆ, ಆ ಯಂತ್ರ ಹೇಗೆ ತೀರ್ಮಾನ ಮಾಡುತ್ತದೆಂದು ಕೇಳುವ ಹಕ್ಕನ್ನು ಕಾರ್ಮಿಕನಿಗೆ ಕೊಡುತ್ತದೆ. ಸಣ್ಣ ಕಿಂಡಿ. ಅದನ್ನು ಬಾಗಿಲು ಮಾಡಬೇಕಾದವರು ನಾವು.

ಯಂತ್ರ ಯಾವ ಕೆಲಸಕ್ಕೆ ಓಡಿಬರುತ್ತದೆ, ಯಾವ ಕೆಲಸಕ್ಕೆ ಬರುವುದಿಲ್ಲ ಎಂಬುದನ್ನು ನೋಡಿದರೂ ಸಾಕು, ಅದರ ಒಡೆಯರ ಜಾತಿ ತಿಳಿಯುತ್ತದೆ. ಮಲ ಬಾಚಿಸುವುದು ಅಪರಾಧ ಎಂದು 2013ರ ಕಾಯಿದೆ ಹೇಳಿತು. ಮ್ಯಾನ್‌ಹೋಲ್ ಶುಚಿ ಮಾಡುವ ಯಂತ್ರವನ್ನು ಕೇರಳದ ಹುಡುಗರು ಮಾಡಿ ತೋರಿಸಿದ್ದಾರೆ. ಆದರೂ ಮ್ಯಾನ್‌ಹೋಲಿಗೆ ಇಳಿದು ಸಾಯುವವರು ಸಾಯುತ್ತಲೇ ಇದ್ದಾರೆ. ಅಲ್ಲಿ ಮನುಷ್ಯ ಅಗ್ಗ, ಯಂತ್ರ ದುಬಾರಿ. ನಾವು ಬೇಡಿಕೊಂಡ ಕಡೆ ಬಾರದ ಯಂತ್ರ, ನಾವು ಕಷ್ಟಪಟ್ಟು ಹತ್ತಿ ಕೂತ ಸೀಟಿಗೆ ಬಂದು 'ಇಳಿ' ಎನ್ನುತ್ತದೆ. ಇನ್ನೂ ಒಂದು ಮೋಸವಿದೆ. ಈ ಗಾಡಿಗಳು ಮನುಷ್ಯರಿಲ್ಲದೆ ಓಡುತ್ತವೆ ಎಂಬುದೇ ಸುಳ್ಳು. ಇದು ಮರ, ಇದು ಮಗು ಎಂದು ಲಕ್ಷಾಂತರ ಚಿತ್ರಗಳಿಗೆ ಗುರುತು ಹಾಕಿ ಯಂತ್ರಕ್ಕೆ ಕಣ್ಣು ಕೊಟ್ಟವರು ಭಾರತ, ಕೀನ್ಯಾ, ಫಿಲಿಪೀನ್ಸ್‌ನಂಥ ದೇಶಗಳ ಬಡ ಯುವಕ ಯುವತಿಯರು. ಸೀಟಿನಲ್ಲಿದ್ದ ದುಡಿಮೆಗಾರ ಹಿತ್ತಲಿಗೆ ಹೋದ, ಅಷ್ಟೇ. ದುಡಿತ ಉಳಿಯಿತು, ಮುಖ ಅಳಿಯಿತು.

ಕಾರವಾರ, ಅಂಕೋಲೆಗೆ ಇದು ಟ್ಯಾಕ್ಸಿಯ ವೇಷದಲ್ಲಿ ಬರಲಿಕ್ಕಿಲ್ಲ. ಬಂದರಿನ ಬಾಗಿಲಿಂದ ಬಂದೀತು. ನೆದರ್‌ಲ್ಯಾಂಡಿನ ರಾಟರ್‌ಡ್ಯಾಂ ಬಂದರಿನಲ್ಲಿ 1993ರಿಂದಲೇ ಚಾಲಕನಿಲ್ಲದ ಗಾಡಿಗಳು ಕಂಟೇನರ್ ಹೊರುತ್ತಿವೆ. ಅಂಕೋಲೆಯ ಕೇಣಿಯಲ್ಲಿ ಬಂದರು ಕಟ್ಟಲು 2023ರಲ್ಲಿ ಜೆಎಸ್‌ಡಬ್ಲ್ಯೂ ಕಂಪನಿಗೆ ಒಪ್ಪಿಗೆ ಸಿಕ್ಕಿತು. ಮೀನುಗಾರರು ಬೀದಿಗಿಳಿದರು. ಅವರಿಗೆ ಕೊಡುವ ಉತ್ತರ ಒಂದೇ: 'ಉದ್ಯೋಗ ಬರ್ತದೆ'. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಅಡಿಗಲ್ಲು ಹಾಕಿ ಅರ್ಗಾ, ಬಿಣಗಾ ಸುತ್ತಿನ ಜನರನ್ನು ಎಬ್ಬಿಸಿದಾಗಲೂ ಕಿವಿಗೆ ಬಿದ್ದ ಮಾತು ಅದೇ. ಯಾವ ಉದ್ಯೋಗ, ಎಷ್ಟು ವರ್ಷಕ್ಕೆ, ಯಾರಿಗೆ? ಲಾರಿ ಓಡಿಸುವ ಕೆಲಸ ಕೊಡುತ್ತೇವೆಂದು ಕಡಲನ್ನು ಕಸಿದುಕೊಂಡು, ಹತ್ತು ವರ್ಷದ ಮೇಲೆ ಲಾರಿಯಿಂದಲೂ ಇಳಿಸಿದರೆ ಆ ಜನ ಎಲ್ಲಿಗೆ ಹೋಗಬೇಕು?

1930ರಲ್ಲಿ ಅಂಕೋಲೆ ಉಪ್ಪಿನ ಸತ್ಯಾಗ್ರಹ ಮಾಡಿ ಹೆಸರಾಯಿತು. ಉಪ್ಪಿಗೆ ಸ್ವಾತಂತ್ರ್ಯ ಬಂತು. ಉಪ್ಪಿನ ಆಗರದಲ್ಲಿ ಕಾಲು ಕೊಳೆಸಿಕೊಂಡು ದುಡಿದ ಆಗೇರನಿಗೆ ಏನು ಬಂತೆಂದು ಆ ಕಾಲದಲ್ಲಿ ಯಾರೂ ಕೇಳಲಿಲ್ಲ. ಈ ಸಲವಾದರೂ ಕೇಳೋಣ. ಅಹವಾಲು ಸಭೆಗಳಲ್ಲಿ, ಗ್ರಾಮಸಭೆಗಳಲ್ಲಿ, ಕಾಲೇಜಿನ ಚರ್ಚಾಕೂಟಗಳಲ್ಲಿ ಕೇಳೋಣ. ಚಾಲಕನಿಲ್ಲದ ಗಾಡಿ ಮನುಷ್ಯನನ್ನು ಕೊಂದರೆ ಜೈಲಿಗೆ ಹೋಗುವವರ ಹೆಸರು ಮೊದಲೇ ಬರೆದಿರಬೇಕು. ಅದು ಕೂಲಿಯ ಹೆಸರಾಗಿರಬಾರದು. ಗಾಡಿಯ ಗೆರೆ ಊರಿನಲ್ಲಿ ಶುರುವಾಗುವುದಾದರೆ ಕೇರಿಯನ್ನು ದಾಟಿಯೇ ಮುಗಿಯಬೇಕು. ಸೀಟು ಕಳಕೊಂಡವನಿಗೆ ಆ ಗಾಡಿಯ ದುಡಿಮೆಯಲ್ಲಿ ಪಾಲಿರಬೇಕು. ಯಂತ್ರ ಮೊದಲು ಮ್ಯಾನ್‌ಹೋಲಿಗೆ ಇಳಿಯಲಿ, ಆಮೇಲೆ ಸ್ಟಿಯರಿಂಗ್ ಮುಟ್ಟಲಿ. ಮತ್ತು ಎಲ್ಲಕ್ಕಿಂತ ಮೊದಲು ಬಸ್ಸು ಬರಲಿ. 2023ರಲ್ಲಿ ಶಕ್ತಿ ಯೋಜನೆ ಶುರುವಾದಾಗ ದುಡ್ಡಿಲ್ಲದೆ ಬಸ್ ಹತ್ತಿದ ನಮ್ಮ ಅಬ್ಬೆಯಂದಿರಿಗೆ ಬೇಕಾದದ್ದು ಮಾತಾಡದ ಕಾರಲ್ಲ, ಕೇರಿಯ ತಿರುವಿನಲ್ಲಿ ನಿಲ್ಲುವ ಕೆಂಪು ಬಸ್ಸು.

ಇದಕ್ಕೆಲ್ಲ ಒಪ್ಪುವ ಯಂತ್ರ ಬಂದರೆ ಬರಲಿ, ನಾವೇ ತೆಂಗಿನಕಾಯಿ ಒಡೆಯುತ್ತೇವೆ. ಒಪ್ಪದಿದ್ದರೆ ಅದರ ಮುಂದೆ ರಸ್ತೆಯಲ್ಲಿ ಕೂರುತ್ತೇವೆ. ಆಗ ಅದು ನಮ್ಮನ್ನು ಯಾವ ಹೆಸ‌ರಿನಿಂದ ಗುರುತಿಸುತ್ತದೆಯೋ ನೋಡೋಣ.